ಹೇಳಿದ ಮಾತು ಸತ್ಯವೇ ಆಗಿದ್ದರೂ ಹಿರಿಯರಲ್ಲಿ ಕ್ಷಮೆ ಕೇಳಬೇಕೇ?

ಪ್ರಶ್ನೆ: ಬೇಲೂರಿನ ಮಗಳು (ಈಗ ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬಗೆಹರಿಯದೆ ಉಳಿದಿರುವ ಒಂದು ವಿಷಯವನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಓದಿದವರು, ನಾಲ್ಕು ಜನರ ನಡುವೆ ಬಾಳಿ ತಿಳಿದವರು ಯೋಚಿಸಿ ಉತ್ತರಿಸಬೇಕೆಂದು ಕೋರುತ್ತೇನೆ.

ನನ್ನ ತಮ್ಮ ಇತಿಹಾಸದಲ್ಲಿ ಎಂ.ಎ. ಮುಗಿಸಿ ಈಗ ಸಂಶೋಧನೆಗೆ ಸೇರಿಕೊಂಡಿದ್ದಾನೆ. ಓದಿನಲ್ಲಿ ಅವನಿಗಿರುವ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಈಚೆಗೆ ನಮ್ಮ ಚಿಕ್ಕಮ್ಮನ ಮಗಳ ಮದುವೆ ಬೇಲೂರಿನಲ್ಲಿ ನಡೆಯಿತು. ಮಾರನೆಯ ದಿನ ದಾವಣಗೆರೆ ಕಡೆಯಿಂದ ಬಂದಿದ್ದ ಬೀಗರಿಗೆ ದೇವಸ್ಥಾನ ತೋರಿಸಲು ನಮ್ಮ ಸೋದರಮಾವ ಕರೆದುಕೊಂಡು ಹೋದರು. ಮಾವ ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಮನೆಗೆ ಬಂದ ನೆಂಟರನ್ನು ಚೆನ್ನಕೇಶವನ ಗುಡಿಗೆ ಕರೆದೊಯ್ದು ಒಂದೊಂದು ಕಂಬದ ಮುಂದೆಯೂ ನಿಲ್ಲಿಸಿ ವಿವರಿಸುವುದು ಅವರಿಗೆ ಮೊದಲಿನಿಂದಲೂ ಬಹಳ ಇಷ್ಟದ ಕೆಲಸ. ಕಪ್ಪೆಚೆನ್ನಿಗರಾಯನ ಗುಡಿಯ ಮುಂದೆ ಅವರು ಜಕಣಾಚಾರಿಯ ಕಥೆಯನ್ನು ಹೇಳುತ್ತಿದ್ದರು. ಬೀಗರು ಸುತ್ತ ನಿಂತು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಆಗ ನನ್ನ ತಮ್ಮ ನಡುವೆ ಬಾಯಿ ಹಾಕಿ, "ಮಾವ, ಇದೆಲ್ಲ ಕಟ್ಟುಕಥೆ. ಆ ಹೆಸರಿನ ಶಿಲ್ಪಿ ಇದ್ದನೆಂಬುದಕ್ಕೆ ಒಂದು ಶಾಸನದ ಆಧಾರವೂ ಇಲ್ಲ, ಬಂದವರಿಗೆ ತಪ್ಪು ಮಾಹಿತಿ ಕೊಡಬೇಡಿ" ಎಂದುಬಿಟ್ಟ. ಅಷ್ಟಕ್ಕೇ ನಿಲ್ಲಿಸದೆ ಮೊಬೈಲ್ ತೆಗೆದು ಬೀಗರಿಗೆ ಏನನ್ನೋ ತೋರಿಸತೊಡಗಿದ. ಮಾವ ಆ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಬಿಟ್ಟಿದ್ದ ಕಡೆಗೆ ಹೋಗಿ ನಿಂತರು. ಮಧ್ಯಾಹ್ನ ಊಟಕ್ಕೆ ಬೀಗರ ಜೊತೆ ಕೂರದೆ ಕೊನೆಯ ಪಂಕ್ತಿಯಲ್ಲಿ ಕುಳಿತರು.

ಇದು ಒಂದೇ ಸಂದರ್ಭವಲ್ಲ. ಕೆಲವು ಕಾಲದ ಹಿಂದೆ ಸಾವಿನ ಮನೆಯೊಂದಕ್ಕೆ ಹೋಗಿದ್ದಾಗ, ತೀರಿಕೊಂಡವರ ಮಗನ ಎದುರಿಗೇ, "ಮೊದಲೇ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರು" ಎಂದಿದ್ದ. ನಮ್ಮಮ್ಮ "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ಅವನನ್ನು ಗದರುತ್ತಾರೆ. ಅವನದು ಒಂದೇ ಉತ್ತರ: "ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಸತ್ಯ ಹೇಳಿದ್ದಕ್ಕೆ ಕ್ಷಮೆ ಏಕೆ ಕೇಳಬೇಕು?" ಮುಂದಿನ ತಿಂಗಳು ಮಾವನ ಹೊಸ ಮನೆಯ ಗೃಹಪ್ರವೇಶವಿದೆ, ಅದೇ ಬೀಗರೂ ಬರುತ್ತಾರೆ. ಅಷ್ಟರೊಳಗೆ ಅವನು ಹೋಗಿ ಕ್ಷಮೆ ಕೇಳುವುದು ಸರಿಯೇ? ಕೇಳುವುದಾದರೆ ಏನೆಂದು ಕೇಳಬೇಕು? ಇಂಥ ಲೋಕಜ್ಞಾನವನ್ನು ಓದಿದವರು ಯಾರಿಂದ, ಎಲ್ಲಿಂದ ಕಲಿಯಬೇಕು?

ಉತ್ತರ 1: ನಿವೃತ್ತ ಮೇಷ್ಟ್ರು, ಹಾಸನ

ನೋಡಿ ತಾಯಿ, ಮೊದಲು ನಿಮ್ಮ ತಮ್ಮನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಮುಂದೆ ಹೋಗುತ್ತೇನೆ. ಅವನು ಹೇಳಿದ ವಿಷಯ ಸರಿಯಾಗಿದೆ. ಬೇಲೂರಿನ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಕಪ್ಪೆಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಅನೇಕರು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಜಕಣಾಚಾರಿಯ ಹೆಸರು ಆ ಬರಹಗಳಲ್ಲಿಲ್ಲ. ಆದ್ದರಿಂದ ವಿಷಯದ ಮಟ್ಟಿಗೆ ಅವನು ಹಿಂದೆಗೆಯಬೇಕಾದ ಅಗತ್ಯ ಸ್ವಲ್ಪವೂ ಇಲ್ಲ.

ಆದರೆ ಮಾವ ಹೇಳುತ್ತಿದ್ದ ಆ ಕಥೆಯನ್ನೇ ಅವನು ಪೂರ್ತಿಯಾಗಿ ಕೇಳಿದ್ದರೆ, ಅವನ ಪ್ರಶ್ನೆಗೆ ಬೇಕಾದದ್ದು ಅದರೊಳಗೇ ಇತ್ತು ಎಂದು ನನಗೆ ತೋರುತ್ತದೆ. ತಾನು ಹುಟ್ಟುವ ಮೊದಲೇ ಮನೆ ಬಿಟ್ಟುಹೋದ ತಂದೆ ಜಕಣಾಚಾರಿಯನ್ನು ಹುಡುಕುತ್ತ ಮಗ ಡಂಕಣಾಚಾರಿ ಬೇಲೂರಿಗೆ ಬರುತ್ತಾನೆ. ಮೂರ್ತಿಗೆ ಆರಿಸಿದ ಕಲ್ಲಿನಲ್ಲಿ ದೋಷವಿದೆ ಎಂದು, ತನ್ನ ತಂದೆಯೆಂದು ಅರಿಯದೆಯೇ, ಹೆಸರುವಾಸಿಯಾದ ಆ ಹಿರಿಯ ಶಿಲ್ಪಿಗೆ ಎಲ್ಲರ ಎದುರು ಹೇಳುತ್ತಾನೆ. ಮೂರ್ತಿಗೆ ಗಂಧವನ್ನು ಬಳಿದಾಗ ಉಳಿದೆಡೆಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಂದ ತಟ್ಟಿದಾಗ ಕಪ್ಪೆ ಹೊರಬರುತ್ತದೆ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ನುಡಿದಿದ್ದ ಜಕಣಾಚಾರಿ ಹಾಗೆಯೇ ಮಾಡಿಕೊಳ್ಳುತ್ತಾನೆ. ಕಿರಿಯನೊಬ್ಬ ಸಭೆಯ ನಡುವೆ ಹಿರಿಯನ ತಪ್ಪನ್ನು ಎತ್ತಿ ತೋರಿಸಿದ ಕಥೆ ಇದು. ಕಿರಿಯ ಹೇಳಿದ್ದು ನಿಜವಾಗಿತ್ತು, ಆದರೂ ಅದಕ್ಕೆ ಹಿರಿಯ ತೆತ್ತದ್ದು ತನ್ನ ಕೈಯನ್ನು. ಈ ಕಥೆಯನ್ನು ಕಟ್ಟಿ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಜನರಿಗೆ, ನಾಲ್ಕು ಜನರ ಮುಂದೆ ಆಗುವ ತಿದ್ದುಪಡಿ ಮನುಷ್ಯನಿಗೆ ಎಷ್ಟು ದುಬಾರಿ ಎಂಬುದು ಚೆನ್ನಾಗಿ ತಿಳಿದಿತ್ತು. ಶಾಸನದಲ್ಲಿ ಇಲ್ಲದ ಮಾತ್ರಕ್ಕೆ ಅದನ್ನು ಸುಳ್ಳು ಎಂದು ಒರೆಸಿ ಹಾಕುವುದು ಇತಿಹಾಸದ ವಿದ್ಯಾರ್ಥಿಗೂ ತಕ್ಕುದಲ್ಲ. ಐತಿಹ್ಯವನ್ನು ಐತಿಹ್ಯವೆಂದು ಗುರುತಿಸಿ ಕಾಪಾಡಿಕೊಳ್ಳುವುದು ಕೂಡ ಅವನ ವಿದ್ಯೆಯ ಒಂದು ಭಾಗವೇ.

ಇನ್ನು ನಡವಳಿಕೆಯ ಮಾತು. ಅಂದು ಮಾವ ಅಲ್ಲಿ ಪಾಠ ಹೇಳುತ್ತಿರಲಿಲ್ಲ, ಹೆಣ್ಣಿನ ಕಡೆಯ ಹಿರಿಯರಾಗಿ ಹೊಸ ನಂಟಸ್ತನಕ್ಕೆ ಆದರ ತೋರುತ್ತಿದ್ದರು. ಬೀಗರಿಗೂ ಆ ಹೊತ್ತಿಗೆ ಬೇಕಾಗಿದ್ದದ್ದು ಶಾಸನದ ಪಾಠಕ್ಕಿಂತ ಹೆಚ್ಚಾಗಿ ತಮ್ಮನ್ನು ಅಷ್ಟು ಪ್ರೀತಿಯಿಂದ ಕರೆದೊಯ್ದವರ ಒಡನಾಟ. ಆದರೂ ನಿಜವನ್ನು ಅಂದೇ ಹೇಳಬೇಕೆಂದಿದ್ದರೆ ದಾರಿ ಇತ್ತು. ಕಥೆ ಮುಗಿಯುವವರೆಗೆ ಕಾದು, "ಮಾವ, ಮದನಿಕೆಯರ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿರುವುದನ್ನೂ ಬೀಗರಿಗೆ ತೋರಿಸೋಣವೇ?" ಎಂದು ಕೇಳಿದ್ದರೆ, ಮಾವನೇ ಮುಂದಾಗಿ ಎಲ್ಲರನ್ನೂ ಕರೆದುಕೊಂಡು ಹೋಗುತ್ತಿದ್ದರು. ದಾಸೋಜನ ಹೆಸರನ್ನು ಬೀಗರು ಕಣ್ಣಾರೆ ಕಾಣುತ್ತಿದ್ದರು, ಮಾವನ ಗೌರವವೂ ಉಳಿಯುತ್ತಿತ್ತು. ಬಹುಶಃ ಅವರೇ ತಿರುಗಿ, "ಹಾಗಾದರೆ ಜಕಣಾಚಾರಿಯ ಹೆಸರು ಎಲ್ಲಿದೆಯಪ್ಪಾ?" ಎಂದು ನಿಮ್ಮ ತಮ್ಮನನ್ನು ಕೇಳುತ್ತಿದ್ದರು. ತಾನಾಗಿ ಹೇರಿದ ತಿಳಿವಳಿಕೆಗಿಂತ ಕೇಳಿಸಿಕೊಂಡು ಕೊಟ್ಟ ಉತ್ತರಕ್ಕೆ ಬೆಲೆ ಹೆಚ್ಚು ಎಂಬುದನ್ನು ತರಗತಿಯಲ್ಲಿಯೇ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕ್ಷಮೆಯನ್ನು ಕೇಳಲೇಬೇಕು. ಕೇಳುವುದು ಹೇಳಿದ ವಿಷಯಕ್ಕಾಗಿ ಅಲ್ಲ, ಹೇಳಿದ ಸ್ಥಳಕ್ಕಾಗಿ ಮತ್ತು ರೀತಿಗಾಗಿ. ಈ ಎರಡನ್ನೂ ಬೇರೆ ಮಾಡಿ ನೋಡಿದರೆ ಅವನ ಸತ್ಯನಿಷ್ಠೆಗೆ ಯಾವ ಕುಂದೂ ಬರುವುದಿಲ್ಲ.

ಉತ್ತರ 2: ಕೊಪ್ಪದ ನರ್ಸ್

ಮೇಷ್ಟ್ರ ಮಾತನ್ನು ಗೌರವದಿಂದ ಓದಿದೆ, ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಇದನ್ನು ಓದುವ ಕಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಹಿರಿಯರ ಎದುರು ತಪ್ಪನ್ನು ಹೇಳುವುದೇ ಅವಿನಯ ಎಂದು ತಿಳಿದುಕೊಳ್ಳಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. "ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕು" ಎಂಬ ಒಂದು ಮಾತಿನಿಂದ ನಮ್ಮ ಮನೆಗಳಲ್ಲಿ ಎಷ್ಟು ಸರಿಯಾದ ಮಾತುಗಳು ಗಂಟಲಲ್ಲೇ ಉಳಿದಿವೆ ಎಂಬುದನ್ನು ನನ್ನ ಕೆಲಸದಲ್ಲಿ ಹತ್ತಿರದಿಂದ ನೋಡುತ್ತಿರುತ್ತೇನೆ.

ನಮ್ಮ ಕಡೆ ಅಡಿಕೆ ತೋಟದಲ್ಲಿ, ಗದ್ದೆಯ ಬದುವಿನಲ್ಲಿ ಹಾವು ಕಚ್ಚುವುದು ಅಪರೂಪವಲ್ಲ. ಕಚ್ಚಿದ ಕೂಡಲೇ ಮನೆಯ ಯಜಮಾನರು ಹಗ್ಗ ತಂದು ಕಾಲನ್ನು ಬಿಗಿಯಾಗಿ ಕಟ್ಟುತ್ತಾರೆ, ಇಲ್ಲವೇ ಗಾಯವನ್ನು ಕೊಯ್ದು ರಕ್ತ ಹರಿಸಲು ಹೊರಡುತ್ತಾರೆ, ಮತ್ತೊಬ್ಬರು ಮಂತ್ರ ಹಾಕುವವರ ಮನೆಗೆ ಓಡುತ್ತಾರೆ. ಇವೆಲ್ಲ ಪ್ರೀತಿಯಿಂದಲೇ ನಡೆಯುತ್ತವೆ, ಆದರೆ ಇವೆಲ್ಲವೂ ಕೆಡುಕೇ. ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಂತು ಅಂಗವೇ ಹೋಗಬಹುದು. ಕಚ್ಚಿಸಿಕೊಂಡವರನ್ನು ನಡೆಸದೆ, ಮೂಳೆ ಮುರಿದಾಗ ಮಾಡುವಂತೆ ಕೋಲನ್ನು ಆಸರೆಯಾಗಿ ಇಟ್ಟು ಕಾಲು ಅಲುಗದ ಹಾಗೆ ಮಾಡಿ, ತಡಮಾಡದೆ ಆಸ್ಪತ್ರೆಗೆ ತರಬೇಕು. ವಿಷಕ್ಕೆ ಪ್ರತಿಯಾಗಿ ಕೊಡುವ ಇಂಜೆಕ್ಷನ್ ಅಲ್ಲಿ ಮಾತ್ರ ಸಿಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ವಿಷಯ ಅಷ್ಟು ಗಂಭೀರವಾದದ್ದು. ಅಂಥ ಹೊತ್ತಿನಲ್ಲಿ ಮನೆಯ ಕಿರಿಯ ಸೊಸೆಗೆ ಇದು ಗೊತ್ತಿದ್ದರೆ, ಮಾವನವರ ಮಾತು ಮುಗಿಯಲೆಂದು ಅವಳು ಕಾಯಬಾರದು. ಕೂಡಲೇ, ಎಲ್ಲರ ಎದುರಿಗೇ, ಗಟ್ಟಿಯಾಗಿ ಹೇಳಬೇಕು. ಹಣದ ವಿಷಯವೂ ಹಾಗೆಯೇ. ಹಿರಿಯರೊಬ್ಬರು ಓದದೆ ಪತ್ರಕ್ಕೆ ಸಹಿ ಹಾಕಲು ಹೊರಟಿದ್ದರೆ, ಸಭೆ ಮುಗಿದ ಮೇಲೆ ವಿನಯದಿಂದ ತಿಳಿಸಿದ್ದರಿಂದ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗ ಈ ತಪ್ಪನ್ನು ತಡೆಯದಿದ್ದರೆ ಯಾರಿಗಾದರೂ ನಷ್ಟವಾಗುತ್ತದೆಯೇ, ಅದು ಆಮೇಲೆ ತುಂಬಿಕೊಳ್ಳಲಾಗದ ನಷ್ಟವೇ? ಹೌದಾದರೆ ಯಾರ ಮುಖವನ್ನೂ ನೋಡದೆ ಮಾತನಾಡಬೇಕು. ಅಲ್ಲವಾದರೆ ಕಾಯಬಹುದು. ಗುಡಿಯ ಮುಂದೆ ಜಕಣಾಚಾರಿಯ ಕಥೆ ಮುಗಿಯುವವರೆಗೆ ಕಾದಿದ್ದರೆ ಯಾರಿಗೂ ಯಾವ ನಷ್ಟವೂ ಆಗುತ್ತಿರಲಿಲ್ಲ.

ತುರ್ತಿನಲ್ಲಿಯೂ ಹಿರಿಯರನ್ನು ಸೋಲಿಸಬೇಕಾಗಿಲ್ಲ ಎಂಬುದನ್ನೂ ಸೇರಿಸುತ್ತೇನೆ. "ನಿಮಗೇನು ಗೊತ್ತು, ಬಿಡಿ" ಎಂದರೆ ಯಜಮಾನರು ಹಗ್ಗವನ್ನು ಇನ್ನಷ್ಟು ಬಿಗಿಯುತ್ತಾರೆ. ನಾನು ಹೇಳುವುದು ಹೀಗೆ: "ಯಜಮಾನರೇ, ನಿಮ್ಮ ಮಾತನ್ನು ಎಲ್ಲರೂ ಕೇಳುತ್ತಾರೆ. ಮೊದಲು ಒಂದು ಗಾಡಿ ತರಿಸಿ, ನೀವೂ ಜೊತೆಗೆ ಬನ್ನಿ, ಹಗ್ಗವನ್ನು ನಾನು ನಿಧಾನವಾಗಿ ನೋಡಿಕೊಳ್ಳುತ್ತೇನೆ." ಅವರ ಕೈಗೆ ಒಂದು ಕೆಲಸ ಸಿಕ್ಕಿತು, ಮನೆಯಲ್ಲಿ ಅವರ ಸ್ಥಾನ ಉಳಿಯಿತು, ರೋಗಿ ಆಸ್ಪತ್ರೆಗೆ ಬಂದ.

ಸಾವಿನ ಮನೆಯಲ್ಲಿ ನಿಮ್ಮ ತಮ್ಮ ಆಡಿದ ಮಾತಿನ ಬಗ್ಗೆ ಮಾತ್ರ ನನಗೆ ಹೆಚ್ಚು ನೋವಾಯಿತು. ಅಲ್ಲಿ ತಡೆಯಬೇಕಾದ ನಷ್ಟ ಯಾವುದೂ ಉಳಿದಿರಲಿಲ್ಲ. ಆ ಮಾತು ನಿಜವೇ ಆಗಿದ್ದರೂ ಅದನ್ನು ಕೇಳಿದ ಮಗ ಅದನ್ನು ಬದುಕಿರುವಷ್ಟು ಕಾಲ ಹೊತ್ತು ತಿರುಗಬೇಕಾಗುತ್ತದೆ. ರೋಗಿ ತೀರಿಕೊಂಡ ಮೇಲೆ ಮನೆಯವರು ನಮ್ಮನ್ನೂ ಕೇಳುತ್ತಾರೆ, "ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಸಿಸ್ಟರ್?" ಎಂದು. ಆಗ ನಾವು ಅವರು ಮಾಡಿದ ಆರೈಕೆಯನ್ನು ನೆನಪಿಸುತ್ತೇವೆ. ಅದೂ ಸತ್ಯವೇ. ಆ ಮನೆಗೆ ಅವನು ಇನ್ನೊಮ್ಮೆ ಹೋಗಿ ಬರಬೇಕು ಎಂದು ನನಗನ್ನಿಸುತ್ತದೆ. ಮಾವನ ಮನೆಗಿಂತ ಅದು ಮೊದಲಾಗಲಿ.

ಉತ್ತರ 3: ಮೂಡಿಗೆರೆ ಕಡೆಯ ತೋಟದವರು

ಇಬ್ಬರೂ ಹಿರಿಯರೊಂದಿಗಿನ ನಡವಳಿಕೆಯನ್ನು ಹೇಳಿದ್ದಾರೆ. ಲೋಕಜ್ಞಾನವನ್ನು ಎಲ್ಲಿಂದ ಕಲಿಯಬೇಕು ಎಂಬ ತಮ್ಮ ಕೊನೆಯ ಪ್ರಶ್ನೆಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ನಮಗಿಂತ ಕೆಳಗಿನವರೆಂದು ಲೋಕ ಎಣಿಸುವವರ ಜೊತೆ ಕೆಲಸ ಮಾಡದೆ ಅದು ಪೂರ್ತಿಯಾಗಿ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ಭಯವೂ ಕಲಿಸೀತು. ಎದುರು ಮಾತನಾಡಲಾರದವನ ಮುಂದೆ ಹೇಗೆ ನಿಲ್ಲುತ್ತೇವೆ ಎಂಬಲ್ಲಿ ಮನುಷ್ಯನ ನಿಜವಾದ ಸಂಸ್ಕಾರ ತಿಳಿಯುತ್ತದೆ.

ಕೃಷಿ ಓದಿದ ಹುಡುಗರು ಕಾಫಿ ತೋಟಗಳಿಗೆ ಕೆಲಸಕ್ಕೆ ಬರುತ್ತಾರೆ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುವಾಗ, ಎಷ್ಟು ನೆರಳು ತೆಗೆಯಬೇಕೆಂದು ಕೆಳಗೆ ನಿಂತು ಕೈ ತೋರಿಸಿ ಹೇಳುತ್ತಾರೆ. ಮರದ ಮೇಲಿರುವ ಆಳು ತನ್ನ ತಂದೆಯ ವಯಸ್ಸಿನವನಾಗಿದ್ದರೂ "ಏ, ಆ ಕೊಂಬೆ ಕಡಿಯೋ" ಎಂದೇ ಕೂಗುತ್ತಾರೆ. ಮೇಲಿನಿಂದ ಅವನು, "ಸ್ವಾಮಿ, ಇಷ್ಟು ಬಿಸಿಲು ಬಿಟ್ಟರೆ ಗಿಡಕ್ಕೆ ಹುಳ ಬೀಳುತ್ತದೆ" ಎಂದರೆ ಕೇಳುವ ವ್ಯವಧಾನ ಇರುವುದಿಲ್ಲ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ ಬಿಸಿಲು ಹೆಚ್ಚು ಬೀಳುವ ಕಡೆ ಜಾಸ್ತಿ, ನೆರಳು ಸರಿಯಾಗಿದ್ದರೆ ಕಡಿಮೆ ಎಂಬುದು ಆ ಹುಡುಗ ಓದಿದ ಪುಸ್ತಕದಲ್ಲಿಯೂ ಇದೆ. ಮರದ ಮೇಲಿದ್ದವನು ಹೇಳಿದ್ದೂ ಅದನ್ನೇ. ಹೇಳಿದವನು ಯಾರೆಂದು ನೋಡಿದ್ದರಿಂದ, ತಾನು ಓದಿದ ವಿಷಯವೇ ಕಿವಿಗೆ ಬಿದ್ದಾಗಲೂ ಅವನಿಗೆ ಗುರುತು ಸಿಗಲಿಲ್ಲ.

ನಮ್ಮಲ್ಲಿ ವಾರದ ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರು ಹೆಸರು ಕೂಗಿ ಹಣ ಎಣಿಸಿ ಕೊಡುತ್ತಾರೆ. ಹಿಂದೆ ನಮ್ಮ ತಂದೆಯವರು ಆ ಹೊತ್ತಿಗೆ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಯಾರಿಗಾದರೂ ಮುಂಗಡದಲ್ಲಿ ಮುರಿದುಕೊಳ್ಳಬೇಕಾದದ್ದಿದ್ದರೆ ಸಾಲಿನಲ್ಲಿ ನಿಂತವರ ಎದುರು ಅದನ್ನು ಹೇಳಿಸುತ್ತಿರಲಿಲ್ಲ. ಲೆಕ್ಕದಲ್ಲಿ ತಪ್ಪಿದೆ ಎಂದು ಹೆಣ್ಣಾಳೊಬ್ಬಳು ಹೇಳಿದರೆ ಪುಸ್ತಕವನ್ನು ಅವಳ ಎದುರಿಗೇ ಮತ್ತೆ ಕೂಡಿಸುತ್ತಿದ್ದರು. ರೈಟರದು ತಪ್ಪಾಗಿದ್ದರೆ ಅವಳಿಗೆ ಹಣ ಅಲ್ಲಿಯೇ ಸಲ್ಲುತ್ತಿತ್ತು. ರೈಟರಿಗೆ ಹೇಳಬೇಕಾದ ಮಾತನ್ನು ಮಾತ್ರ ಆಳುಗಳು ಹೋದ ಮೇಲೆ ಒಳಗೆ ಕರೆದು ಹೇಳುತ್ತಿದ್ದರು. ಮೇಷ್ಟ್ರು ಮತ್ತು ಸಿಸ್ಟರ್ ಬರೆದ ಎರಡೂ ಮಾತು ಆ ಒಂದು ಮೇಜಿನ ಬಳಿ ನಡೆಯುತ್ತಿದ್ದವು: ನಷ್ಟವನ್ನು ಎಲ್ಲರೆದುರು ಕೂಡಲೇ ಸರಿಪಡಿಸುವುದು, ತಪ್ಪು ಮಾಡಿದವನನ್ನು ಮರೆಯಲ್ಲಿ ತಿದ್ದುವುದು. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ, ನೋಡಿ ಕಲಿತೆವು.

ಆದ್ದರಿಂದ ತಮ್ಮನನ್ನು ಗೃಹಪ್ರವೇಶಕ್ಕೆ ಊಟದ ಹೊತ್ತಿಗೆ ಹೋಗುವ ನೆಂಟನಾಗಿ ಕಳುಹಿಸಬೇಡಿ. ಹಿಂದಿನ ದಿನವೇ ಹೋಗಿ ಚಪ್ಪರಕ್ಕೆ ಕೈ ಹಾಕಲಿ, ಬಡಿಸುವ ಕೆಲಸಕ್ಕೆ ನಿಲ್ಲಲಿ. ಪಂಕ್ತಿಯಲ್ಲಿ ಬಡಿಸುವವನಿಗೆ, ಯಾರು ಏಳಲು ಕಾಯುತ್ತಿದ್ದಾರೆ, ಯಾರು ಸಂಕೋಚದಿಂದ ಕೇಳುತ್ತಿಲ್ಲ, ಯಾವ ಹಿರಿಯರಿಗೆ ಹಲ್ಲಿಲ್ಲದ್ದರಿಂದ ಅನ್ನವನ್ನು ಮೆತ್ತಗೆ ಕಲಸಿಕೊಳ್ಳಲು ಇನ್ನೊಂದಿಷ್ಟು ಸಾರು ಬೇಕು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಮುಖ ನೋಡಿ ಮನಸ್ಸನ್ನು ತಿಳಿಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಮತ್ತೆ: ಬೇಲೂರಿನ ಮಗಳು

ಉತ್ತರ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ತಮ್ಮನಿಗೆ ಇದನ್ನೆಲ್ಲ ಓದಲು ಕೊಟ್ಟೆ. ಸಿಸ್ಟರ್ ಬರೆದ ಭಾಗವನ್ನು ಓದಿ ಬಹಳ ಹೊತ್ತು ಸುಮ್ಮನಿದ್ದ. ಆ ಮನೆಗೆ ಈ ವಾರವೇ ಹೋಗಿ ಬರುತ್ತೇನೆ ಎಂದಿದ್ದಾನೆ. ಮಾವನಲ್ಲಿ ಕ್ಷಮೆ ಕೇಳಲೂ ಒಪ್ಪಿದ್ದಾನೆ. ಅವನ ಒಂದು ಅನುಮಾನ ಮಾತ್ರ ಉಳಿದಿದೆ. "ಹಾಗಾದರೆ ಜಕಣಾಚಾರಿ ಇದ್ದದ್ದು ನಿಜ ಎಂದು ಒಪ್ಪಿಕೋ" ಎಂದು ಮಾವ ಕೇಳಿದರೆ ಏನು ಹೇಳಬೇಕು? ಅವರನ್ನು ಸಮಾಧಾನಪಡಿಸಲು ನಂಬದಿರುವುದನ್ನು ನಂಬುತ್ತೇನೆ ಎನ್ನಲು ಅವನಿಗೆ ಮನಸ್ಸಿಲ್ಲ.

ಉತ್ತರ 4: ನಿವೃತ್ತ ಮೇಷ್ಟ್ರು, ಹಾಸನ

ಹೇಳುವುದು ಬೇಡವೇ ಬೇಡ. ನಂಬದ್ದನ್ನು ನಂಬಿದೆ ಎಂದರೆ ಮಾವನಿಗೂ ಅವಮಾನವೇ, ಏಕೆಂದರೆ ಅದು ಅವರನ್ನು ಮಗುವಿನಂತೆ ಸಂತೈಸಿದ ಹಾಗಾಗುತ್ತದೆ. ಗೃಹಪ್ರವೇಶದ ಗದ್ದಲದಲ್ಲಿ ಈ ಮಾತು ಎತ್ತುವುದು ಬೇಡ, ಅದಕ್ಕೆ ಮುಂಚೆ ಒಂದು ದಿನ ಒಬ್ಬನೇ ಹೋಗಲಿ. "ಮಾವ, ಅಂದು ಬೀಗರ ಮುಂದೆ ನಿಮ್ಮ ಮಾತನ್ನು ಕತ್ತರಿಸಿದ್ದು ನನ್ನಿಂದಾದ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರೆ ಸಾಕು. "ಆದರೆ" ಎಂದು ಮುಂದುವರಿಸಬಾರದು.

ಒಪ್ಪಿಕೋ ಎಂದು ಅವರು ಕೇಳಿದರೆ, "ಶಾಸನದಲ್ಲಿ ನನಗೆ ಸಿಕ್ಕಿಲ್ಲ ಮಾವ, ಆದರೆ ಈ ಕಥೆ ನಿಮಗೆ ಯಾರಿಂದ ಬಂತು ಎಂದು ತಿಳಿಯಬೇಕಾಗಿದೆ" ಎನ್ನಲಿ. ಇದು ಉಪಾಯದ ಮಾತಲ್ಲ, ಸಂಶೋಧಕನಿಗೆ ನಿಜವಾಗಿಯೂ ಬೇಕಾದ ಪ್ರಶ್ನೆ. ಈ ಕಥೆಯನ್ನು ತುಮಕೂರಿನ ಹತ್ತಿರದ ಕೈದಾಳದಲ್ಲಿಯೂ ಹೇಳುತ್ತಾರೆ. ಅಲ್ಲಿ ದೇವಾಲಯ ಕಟ್ಟಿದ ಮೇಲೆ ಜಕಣಾಚಾರಿಗೆ ಕೈ ಮತ್ತೆ ಬಂತೆಂದೂ ಅದರಿಂದಲೇ ಊರಿಗೆ ಆ ಹೆಸರಾಯಿತೆಂದೂ ಜನರ ನಂಬಿಕೆ. ಬೇಲೂರಿನ ಹಳೆಯ ಮನೆಗಳಲ್ಲಿ ಇದನ್ನು ಯಾವ ಮಾತುಗಳಲ್ಲಿ ಹೇಳುತ್ತಿದ್ದರು, ಮಾವನಿಗೆ ಹೇಳಿದ್ದು ಅವರ ತಾಯಿಯೋ, ಅಜ್ಜನೋ, ಗುಡಿಯ ಅರ್ಚಕರೋ, ಕೈ ಮರಳಿ ಬಂದ ಭಾಗ ಅವರು ಕೇಳಿದ ಕಥೆಯಲ್ಲಿ ಇತ್ತೋ ಇಲ್ಲವೋ, ಇವೆಲ್ಲ ದಾಖಲಾಗದೆ ಹೋದರೆ ಮತ್ತೆ ಸಿಗುವುದಿಲ್ಲ. ಮೊಬೈಲನ್ನು ಜೇಬಿನಲ್ಲಿಟ್ಟು ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಲಿ. ಸಾಧ್ಯವಾದರೆ ಬೆಳಿಗ್ಗೆ ಬೇಗನೆ ಮಾವನನ್ನೇ ಗುಡಿಗೆ ಕರೆದುಕೊಂಡು ಹೋಗಿ, ಮೊದಲು ಅವರ ಕಥೆಯನ್ನು ಪೂರ್ತಿ ಬರೆದುಕೊಂಡು, ಆಮೇಲೆ ದಾಸೋಜ, ಚಾವಣರ ಹೆಸರಿರುವ ಜಾಗವನ್ನು ಅವರಿಗೆ ತೋರಿಸಲಿ. ಗೃಹಪ್ರವೇಶಕ್ಕೆ ಬಂದ ಬೀಗರನ್ನು ಮಾವ ಮತ್ತೊಮ್ಮೆ ದೇವಸ್ಥಾನಕ್ಕೆ ಕರೆದೊಯ್ದರೆ, ಆ ಹೆಸರುಗಳನ್ನು ಹೇಳಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಲಿ.